ಆಪ್ಷನ್ ಎಂಟ್ರಿಯ ಮಳೆಗಾಲ

ಲ್ಯಾಮಿನೇಷನ್ ಮಿಷನ್ ಬಿಸಿಯೇರುವಾಗ ಒಂದು ವಾಸನೆ ಬರುತ್ತದೆ. ಪ್ಲಾಸ್ಟಿಕ್ ಇನ್ನೇನು ಸುಟ್ಟೇಹೋಯಿತು ಅನ್ನಿಸುತ್ತದೆ, ಸುಡುವುದಿಲ್ಲ. ಮೊನ್ನೆ ನನ್ನ ಸೊಸೆ ಶೈಲಾ ಈ ವರ್ಷದ ಮೊದಲ ಸರ್ಟಿಫಿಕೇಟನ್ನು ಅದರೊಳಗೆ ತಳ್ಳಿದಾಗ ನಾನು ಹಿಂದಿನ ಕೋಣೆಯಲ್ಲಿ ಕನ್ನಡಕ ಹುಡುಕುತ್ತಿದ್ದೆ. ವಾಸನೆ ಮೂಗಿಗೆ ಬಿದ್ದದ್ದೇ ತಡ, ಪರೀಕ್ಷೆಯ ದಿನದ ಹಾಗೆ ಹೆದರಿಕೆಯಾಯಿತು. ಎಪ್ಪತ್ತು ದಾಟಿದವಳು ನಾನು. ಬರೆಯುವ ಪರೀಕ್ಷೆ ಯಾವುದೂ ಉಳಿದಿಲ್ಲ. ಆದರೂ ಮಂಚದ ಮೇಲೆ ಸ್ವಲ್ಪ ಹೊತ್ತು ಕೂರಬೇಕಾಯಿತು. ಎರಡು ವರ್ಷದ ಹಿಂದಿನ ಆ ಮಳೆಗಾಲ ಮುಗಿದಿದೆ ಎಂದುಕೊಂಡಿದ್ದೆ, ಸಿಲ್ಲಿ ಓಲ್ಡ್ ವುಮನ್.

ಚನ್ನಗಿರಿಯಲ್ಲಿ ನಮ್ಮ ಮನೆಯ ಮುಂಭಾಗವೇ ಶೈಲಾಳ ಕಂಪ್ಯೂಟರ್ ಸೆಂಟರ್. ವರ್ಷದ ಉಳಿದ ತಿಂಗಳುಗಳಲ್ಲಿ ಪಹಣಿ, ಆಧಾರ್ ತಿದ್ದುಪಡಿ, ಜೆರಾಕ್ಸ್. ಮಳೆ ಶುರುವಾದರೆ ಸರ್ಟಿಫಿಕೇಟ್ ಹಿಡಿದು ಬರುವ ಸಿಇಟಿ ಮಕ್ಕಳು. ನಾನು ಶಿವಮೊಗ್ಗದ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಓದಿ, ಮದುವೆಯಾಗಿ ಈ ಊರಿಗೆ ಬಂದು, ಇಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಅಂಗಡಿಯ ಬಾಗಿಲಲ್ಲಿ ಒಂದು ಬೆಂಚಿದೆ. ಅಲ್ಲಿ ಕೂತು ಪೇಪರ್ ಓದುತ್ತಿದ್ದವಳ ಹತ್ತಿರ ಯಾರೋ ಒಬ್ಬ ತಂದೆ ಬಂದು ಸ್ಕ್ರೀನಿನ ಮೇಲಿನ ಇಂಗ್ಲಿಷ್ ಸೂಚನೆಯ ಅರ್ಥ ಕೇಳಿದರು. ಹೇಳಿದೆ. ಮರುದಿನ ಇನ್ನೊಬ್ಬರು ಬಂದರು. ಮೂರನೆಯವರು ಅರ್ಥ ಕೇಳಲಿಲ್ಲ. ಮಗನ ರ‍್ಯಾಂಕ್ ಹೇಳಿ, "ಚಾನ್ಸ್ ಐತಾ ಮಿಸ್?" ಎಂದರು.

ಹಾಗೆ ಶುರುವಾಯಿತು ನನ್ನ ಎರಡನೇ ಕೆರಿಯರ್. ಹೋದ ವರ್ಷ ಯಾವ ಕಾಲೇಜಿನ ಕೊನೆಯ ಸೀಟು ಯಾವ ರ‍್ಯಾಂಕಿಗೆ ಮುಗಿಯಿತು ಎಂಬ ಕಟ್‌ಆಫ್ ಪಟ್ಟಿಯನ್ನು ಶೈಲಾ ಪ್ರಿಂಟ್ ತೆಗೆದುಕೊಡುತ್ತಾಳೆ. ನಾನು ಎದುರಿನ ಮಗುವಿನ ರ‍್ಯಾಂಕ್ ಬರುವ ಕಡೆ ಸ್ಕೇಲ್ ಇಟ್ಟು ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ. ಗೆರೆಗಿಂತ ಮೇಲಿನ ಕಾಲೇಜು ಸಿಗುವುದು ಕಷ್ಟ, ಕೆಳಗಿನದು ಸಿಗಬಹುದು. ಅಷ್ಟೇ ನನ್ನ ವಿದ್ಯೆ. ಶೈಲಾ ಕೀಬೋರ್ಡಿನಿಂದ ತಲೆ ಎತ್ತದೆ, "ಅತ್ತೆ, ಬೋರ್ಡ್ ಬರೆಸ್ತೀನಿ, ಪಕ್ಕದಲ್ಲಿ ಒಂದು ಗಿಣೀನೂ ಇಟ್ಕೊಂಡು ಕೂತ್ಕೊಳ್ಳಿ" ಅನ್ನುತ್ತಿದ್ದಳು. ನಗುತ್ತಿದ್ದೆ. ಆದರೆ ಗೆರೆ ಎಳೆಯುವಾಗ ಎದುರು ನಿಂತ ಅಪ್ಪ ಅಮ್ಮಂದಿರ ಮುಖ ನೋಡುವ ಧೈರ್ಯ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಪರೀಕ್ಷೆಯ ಪೇಪರಿಗೆ ಮಾರ್ಕ್ಸ್ ಕೊಡುವುದು ಬೇರೆ, ಅದು ಆಗಿಹೋದದ್ದು. ಇದು ಇನ್ನೂ ಆಗದೆ ಇರುವುದು.

ಆ ವರ್ಷ ಜೂನ್ ಕೊನೆಗೆ ಮಳೆ ಕೂತುಬಿಟ್ಟಿತ್ತು. ಜೋರಿಲ್ಲ, ಬಿಡುವೂ ಇಲ್ಲ. ಸೂಳೆಕೆರೆ ಕಡೆಯಿಂದ ಬರುವ ಬಸ್ಸುಗಳ ಕಿಟಕಿಯೆಲ್ಲ ಮಬ್ಬು. ಅಂಥ ಒಂದು ಬೆಳಿಗ್ಗೆ ಗಿರಿಜಮ್ಮ ತನ್ನ ಅಣ್ಣನನ್ನೂ ಅಣ್ಣನ ಮಗಳನ್ನೂ ಕರೆದುಕೊಂಡು ಬಂದಳು. ಗಿರಿಜಮ್ಮ ನಮ್ಮ ಬೀದಿಯಲ್ಲೇ ಬಟ್ಟೆ ಹೊಲಿಯುವವಳು, ನನ್ನ ಹಳೆಯ ಸ್ಟೂಡೆಂಟ್. ಅಣ್ಣ ತಿಪ್ಪೇಸ್ವಾಮಿ ಜಗಳೂರು ಕಡೆಯವರು, ಕುರಿ ಸಾಕುವವರು. ಮಗಳು ಭೂಮಿಕಾ ಪಿಯುಸಿ ಓದಲು ಎರಡು ವರ್ಷದಿಂದ ಅತ್ತೆಯ ಮನೆಯಲ್ಲಿದ್ದಳು. ಉದ್ದನೆ ಹುಡುಗಿ. ಮಾತು ಕಡಿಮೆ. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು.

ಅವಳಿಗೆ ಬೇಕಾಗಿದ್ದದ್ದು ವೆಟರ್ನರಿ. ದನಕರುಗಳ ಡಾಕ್ಟರ್ ಆಗಬೇಕು. ಯಾಕೆ ಎಂದು ಕೇಳಿದೆ, ಸುಮ್ಮನೆ ಕೇಳುವಂತೆ. ಚಿಕ್ಕವಳಿದ್ದಾಗ ಒಂದು ವರ್ಷ ಅವರ ಮಂದೆಗೆ ರೋಗ ಬಂತಂತೆ. ಡಾಕ್ಟರು ಎಲ್ಲೆಲ್ಲೋ ತಿರುಗಿ ಇವರ ಹಟ್ಟಿಗೆ ಬರುವುದು ತಡವಾಯಿತಂತೆ. "ಅವರು ಬರೋವರೆಗೂ ನಾನು ಕುರಿಗಳ ಕಿವಿ ಹಿಡ್ಕಂಡು ಕೂತಿದ್ದೆ ಮಿಸ್. ಕಿವಿ ಮೊದ್ಲು ತಣ್ಣಗಾಗ್ತೈತೆ," ಎಂದಳು. ಆಮೇಲೆ ನಾನು ಯಾಕೆ ಎಂದು ಕೇಳಲಿಲ್ಲ.

ವೆಟರ್ನರಿ ಸೀಟುಗಳು ಕಡಿಮೆ, ಬೇಡುವವರು ಬಹಳ. ರಾಜ್ಯದಲ್ಲಿ ಆ ಕಾಲೇಜುಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಿ ಮುಗಿಸಬಹುದು. ಭೂಮಿಕಾಳ ಸಿಇಟಿಯ ಲಿಖಿತ ಪರೀಕ್ಷೆ ಸುಮಾರಾಗಿತ್ತು. ಆದರೆ ರೈತರ ಮಕ್ಕಳಿಗೆಂದು ಒಂದು ಪ್ರಾಕ್ಟಿಕಲ್ ಇರುತ್ತದೆ, ಬೀಜ, ಗೊಬ್ಬರ, ಹತಾರ ಇವನ್ನು ಗುರುತು ಹಿಡಿಯಬೇಕು. ಅದರಲ್ಲಿ ಚೆನ್ನಾಗಿ ಮಾಡಿದ್ದಳು. ಹಾಗಾಗಿ ಅವಳ ರ‍್ಯಾಂಕು ಮೇಲೆ ಬಂದು ಬಂದು, ನನ್ನ ಕೆಂಪು ಗೆರೆ ವೆಟರ್ನರಿಗೆ ಮೈ ತಾಗಿಸಿಕೊಂಡು ನಿಂತಿತ್ತು. ಹೋದ ವರ್ಷದ ಕೊನೆಯ ಸೀಟು ಬೀದರಿನಲ್ಲಿ, ಇವಳಿಗಿಂತ ತುಸು ಮುಂದಿದ್ದ ಯಾರಿಗೋ ಹೋಗಿತ್ತು. ಈ ವರ್ಷ ಒಂದಿಷ್ಟು ಜನ ಮೆಡಿಕಲ್ಲಿಗೆ ಹೋದರೆ ಇವಳಿಗೆ ಸಿಗುತ್ತದೆ, ಹೋಗದಿದ್ದರೆ ಇಲ್ಲ. ಟಚ್ ಅಂಡ್ ಗೋ. ರ‍್ಯಾಂಕು ಇನ್ನೂ ಕೆಳಗಿದ್ದಿದ್ದರೆ ನಾವು ಯಾರೂ ಆ ಮಳೆಗಾಲದಲ್ಲಿ ಹೆದರಬೇಕಾಗಿರಲಿಲ್ಲ. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಅಗ್ರಿ ಅವಳ ರ‍್ಯಾಂಕಿಗೆ ನಿಶ್ಚಿಂತೆಯಾಗಿ ಬರುತ್ತಿತ್ತು.

"ಒಂದೇ ಮಾತು ಹೇಳ್ರಿ ಮಿಸ್. ವೆಟರ್ನರಿ ಚಾನ್ಸ್ ಐತೋ ಇಲ್ವೋ," ಎಂದರು ತಿಪ್ಪೇಸ್ವಾಮಿ.

ಗೆರೆಯ ಅಂಚಿನಲ್ಲೇ ಇದೆ, ಚಾನ್ಸ್ ಇದೆ ಅಂತಲೂ ಹೇಳಲಾರೆ, ಇಲ್ಲ ಅಂತಲೂ ಹೇಳಲಾರೆ ಎಂದೆ. ಆತ ತಲೆಯ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಅವರ ಮಂದೆ ಆಗ ನ್ಯಾಮತಿ ಹತ್ತಿರ ತಮ್ಮನ ಕೈಯಲ್ಲಿತ್ತು. ಬೇಸಿಗೆಯಲ್ಲಿ ಈ ಜನ ಕುರಿ ಹೊಡೆದುಕೊಂಡು ಹೊನ್ನಾಳಿ, ನ್ಯಾಮತಿ ಕಡೆಯ ಗದ್ದೆಗಳಿಗೆ ಬರುತ್ತಾರೆ. ಗೊಬ್ಬರಕ್ಕೆಂದು ಗದ್ದೆಯವರೇ ಕರೆಯುತ್ತಾರೆ. ಮಳೆ ಹಿಡಿಯುವ ಮುಂಚೆ ಒಣನಾಡಿಗೆ ವಾಪಸಾಗಬೇಕು, ಕೆಸರಲ್ಲಿ ನಿಂತರೆ ಕುರಿಯ ಗೊರಸು ಕೊಳೆಯುತ್ತದೆ. ಆ ವರ್ಷ ಮಗಳ ಸೀಟಿನ ದೆಸೆಯಿಂದ ತಡವಾಗಿತ್ತು. ನ್ಯಾಮತಿಯಿಂದ ತಮ್ಮನ ಫೋನ್ ಬಂದಾಗಲೆಲ್ಲ ಆತ ಹೊರಗೆ ಹೋಗಿ ಮಳೆಯಲ್ಲೇ ನಿಂತು ಮಾತನಾಡಿ ಬರುತ್ತಿದ್ದರು. ಮೂಡಿಗೆರೆಗೂ ಮುಂಬೈಗೂ ಕೇಳುವಷ್ಟು ಜೋರು ದನಿ, ಆದರೆ ಒಳಗೆ ಬಂದ ಮೇಲೆ ತಲೆ ಒರೆಸಿಕೊಂಡು ಮತ್ತೆ ಪಟ್ಟಿಯ ಕಡೆ ನೋಡುತ್ತಿದ್ದರು.

ಆಪ್ಷನ್ ಎಂಟ್ರಿ ಏನೆಂದು ಗೊತ್ತಿಲ್ಲದವರಿಗಾಗಿ ಎರಡು ಮಾತು. ರ‍್ಯಾಂಕ್ ಬಂದ ಮೇಲೆ ಮಕ್ಕಳು ತಮಗೆ ಬೇಕಾದ ಕಾಲೇಜುಗಳನ್ನು ಒಂದರ ಕೆಳಗೊಂದು ಕಂಪ್ಯೂಟರಿನಲ್ಲಿ ತುಂಬಬೇಕು. ಕಂಪ್ಯೂಟರ್ ಮೇಲಿನಿಂದ ನೋಡುತ್ತಾ ಬರುತ್ತದೆ. ಮೊದಲನೆಯದು ನಿಮ್ಮ ರ‍್ಯಾಂಕಿಗೆ ಸಿಗುವುದಾದರೆ ಕೊಟ್ಟು ಮುಗಿಸುತ್ತದೆ, ಕೆಳಗಿನದೆಲ್ಲ ಅಲ್ಲಿಗೆ ರದ್ದು. ಸಿಗದಿದ್ದರೆ ಎರಡನೆಯದಕ್ಕೆ ಇಳಿಯುತ್ತದೆ, ಆಮೇಲೆ ಮೂರನೆಯದಕ್ಕೆ. ಸಿಗದ್ದನ್ನು ಕೇಳಿದ್ದಕ್ಕೆ ದಂಡವಿಲ್ಲ. ಆದ್ದರಿಂದ ಆಸೆ ಮೇಲಿರಬೇಕು, ಖಾತ್ರಿಯಾದದ್ದು ಕೆಳಗಿರಬೇಕು. ಇದನ್ನು ನಾನು ನಮ್ಮ ತಾಲ್ಲೂಕಿನ ಅಪ್ಪಂದಿರಿಗೆಲ್ಲ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದೇನೆ. ಅವರು ಹೂಂ ಅನ್ನುತ್ತಾರೆ. ಆಮೇಲೆ ಖಾತ್ರಿಯಾದದ್ದನ್ನೇ ಮೇಲೆ ಬರೆಸುತ್ತಾರೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಜನ ನಾವು, ಕೈಗೆ ಸಿಕ್ಕಿದ್ದನ್ನು ಮೊದಲು ಹಿಡಿದುಬಿಡಬೇಕು.

ತಿಪ್ಪೇಸ್ವಾಮಿ ಮರುದಿನ ಬರಲಿಲ್ಲ. ಬೀರಪ್ಪನ ಗುಡಿಗೆ ಹೋಗಿದ್ದರು, ಹೂವಿನ ಅಪ್ಪಣೆ ಕೇಳಲು.

ಅದು ಇಲ್ಲಿ ಎಲ್ಲರ ಮನೆಯಲ್ಲೂ ಇರುವ ರೂಢಿ. ಪೂಜಾರಿ ದೇವರ ಮೈಮೇಲೆ ಹೂ ಏರಿಸುತ್ತಾನೆ. ಕೇಳುವವರು ಕೈಮುಗಿದು ಮನಸ್ಸಿನ ಮಾತು ಕೇಳುತ್ತಾರೆ. ಬಲಗಡೆ ಹೂ ಬಿದ್ದರೆ ಆಗುತ್ತದೆ, ಎಡಗಡೆ ಬಿದ್ದರೆ ಇಲ್ಲ. ಬೋರ್ ಹಾಕಿಸುವ ಮೊದಲು ಕೇಳುತ್ತಾರೆ, ಹೆಣ್ಣು ಕೊಡುವ ಮೊದಲು ಕೇಳುತ್ತಾರೆ. ಈಚೆಗೆ ಆಪ್ಷನ್ ಎಂಟ್ರಿಗೂ ಕೇಳುತ್ತಾರೆ. ಶೈಲಾ ತೆಗೆದುಕೊಟ್ಟ ಕಾಲೇಜುಗಳ ಪ್ರಿಂಟನ್ನು ಕುಂಕುಮ ಹಚ್ಚಿಸಿಕೊಂಡು ವಾಪಸ್ ತರುವವರನ್ನು ನಾನೇ ನೋಡಿದ್ದೇನೆ. ತಿಪ್ಪೇಸ್ವಾಮಿ ಒಂದೊಂದೇ ಕಾಲೇಜಿನ ಹೆಸರು ಹೇಳಿ, ಇದು ಸಿಗತೈತಾ ತಂದೆ ಎಂದು ಕೇಳಿದ್ದರು. ವೆಟರ್ನರಿಯ ಹೆಸರು ಬಂದಾಗಲೆಲ್ಲ ಹೂ ಎಡಕ್ಕೆ. ಶಿವಮೊಗ್ಗದ ಅಗ್ರಿ ಅಂದ ಕೂಡಲೇ ಬಲಕ್ಕೆ ಒಂದು ಕಣಗಿಲೆ, ದಪ್ಪನಾದದ್ದು, ಟಪ್ಪನೆ.

ಬಂದವರು ಪಟ್ಟಿಯಲ್ಲಿ ಅಗ್ರಿಯನ್ನು ಮೊದಲು ಹಾಕಿಸಿದರು. ವೆಟರ್ನರಿ ಒಂದನ್ನೂ ಹಾಕಬೇಡಿ ಎಂದರು. ಕೆಳಗಾದರೂ ಇರಲಿ ಎಂದು ಶೈಲಾ ಹೇಳಿದಳು, ಬೇಡ ಎಂದರು. ಅಗ್ರಿ ಮೇಲಿದ್ದ ಮೇಲೆ ಕೆಳಗೆ ಏನು ಬರೆದರೂ ವ್ಯರ್ಥವೇ, ಅದೂ ನಿಜ. ನಾನು ನನ್ನ ಪಾಠ ಮತ್ತೊಮ್ಮೆ ಒಪ್ಪಿಸಿದೆ. ವೆಟರ್ನರಿ ಮೇಲೆ ಬರೆದು ಅದು ಸಿಗದಿದ್ದರೂ ಅಗ್ರಿ ಎಲ್ಲಿಗೂ ಹೋಗುವುದಿಲ್ಲ, ಮಿಷನ್ನಿಗೆ ಸಿಟ್ಟು ಬರುವುದಿಲ್ಲ ಎಂದೆ.

"ಮಿಷಿನ್‌ಗೆ ಬರಲ್ಲ, ಒಪ್ಕೋತೀನಿ ಮಿಸ್," ಎಂದರು ಆತ, ಬಹಳ ಮರ್ಯಾದೆಯಿಂದ. "ದೇವರಿಗೆ ಬರ್ತೈತಲ್ಲ. ಇಲ್ಲ ಅಂದಿದ್ದನ್ನ ಮತ್ತೆ ಕೇಳಿದ್ರೆ ಕೊಟ್ಟಿದ್ದನ್ನೂ ಕಿತ್ಕಂಡ್ರೆ ಏನು ಮಾಡಾಕಾಗ್ತೈತೆ?"

ಗಿರಿಜಮ್ಮ ನಡುವೆ ಬಾಯಿ ಹಾಕಿ, ಮಿಸ್ ಸಿಸ್ಟರ್‌ಗಳ ಹತ್ತಿರ ಓದಿದವರು ಅಣ್ಣ, ಅವರಿಗೆ ಹೂವಿನ ವಿಷಯ ಹೇಳಿದರೆ ಅರ್ಥವಾಗೋದಿಲ್ಲ ಎಂದಳು. ಅದು ತಿವಿತವೇ, ಆದರೆ ಪ್ರೀತಿಯದು. ನಾನು ಪಟ್ಟಿಯನ್ನು ಶೈಲಾಳ ಕಡೆ ಸರಿಸಿದೆ. ಸರಿಸಿದ್ದು ಭಯಕ್ಕೆ. ನಾನು ಹಟ ಮಾಡಿ ಬರೆಸಿ, ನಾಳೆ ಆ ಹುಡುಗಿಗೆ ಒಂದು ಜ್ವರ ಬಂದರೂ, ನ್ಯಾಮತಿಯಲ್ಲಿ ಒಂದು ಕುರಿ ಸತ್ತರೂ, ಅದು ನನ್ನ ಬಾಗಿಲಿಗೇ ಬರುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೀದಿಯಲ್ಲಿ ಎದುರಾದಾಗ ಒಂದು ಕ್ಷಣ ತಡೆದು ನಮಸ್ಕಾರ ಮಾಡುತ್ತಾರೆ, ಆ ಒಂದು ಕ್ಷಣ ಸಾಕು.

ನಿಜವಾದ ಹಂಚಿಕೆಗೆ ಮುಂಚೆ ಅಣಕು ಹಂಚಿಕೆ ಅಂತ ಒಂದನ್ನು ಮಾಡಿ ತೋರಿಸುತ್ತಾರೆ, ಮಾಕ್ ಅಲಾಟ್‌ಮೆಂಟ್. ಇದೇ ಪಟ್ಟಿಗೆ ಇಂಥ ಸೀಟು ಬರುತ್ತದೆ ಎಂದು ತಿಳಿಯುತ್ತದೆ. ಅದಾದ ಮೇಲೆ ಪಟ್ಟಿ ತಿದ್ದಲು ಸ್ವಲ್ಪ ಅವಕಾಶ. ಭೂಮಿಕಾಳಿಗೆ ನಿರೀಕ್ಷೆಯಂತೆ ಶಿವಮೊಗ್ಗದ ಅಗ್ರಿ ಬಂತು, ಮೊದಲನೇ ಆಪ್ಷನ್. ಗಿರಿಜಮ್ಮ ಪೇಡಾ ತಂದಳು. ಬೆಂಚಿನ ಮೇಲಿದ್ದ ಎಲ್ಲರಿಗೂ, ಅಪರಿಚಿತರಿಗೂ ಕೊಟ್ಟಳು. ತಿಪ್ಪೇಸ್ವಾಮಿ ಅಷ್ಟು ದಿನಗಳಲ್ಲಿ ಮೊದಲ ಸಲ ಗೋಡೆಗೆ ಒರಗಿ ಕೂತರು. ಹುಡುಗಿ ಪೇಡಾವನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು. ಅದು ಬೆರಳಿನ ಬಿಸಿಗೆ ಕರಗಿ ಮೆತ್ತಗಾಗುತ್ತಿತ್ತು.

ನಾನು ಅವಳನ್ನು ಒಳಗೆ, ಅಡುಗೆಮನೆಗೆ ಕರೆದೆ. ಕೈ ತೊಳೆದುಕೋ ಅಂದೆ. ನಲ್ಲಿಯ ಕೆಳಗೆ ಕೈ ಇಟ್ಟುಕೊಂಡೇ ಅವಳು ಹೇಳಿದಳು: "ಸಿಗಲಿಲ್ಲ ಅಂದಿದ್ರೆ ತಡ್ಕಂತಿದ್ದೆ ಮಿಸ್. ನಾನು ಕೇಳೇ ಇಲ್ಲವಲ್ಲ."

ನಾನು ನಲ್ಲಿ ನಿಲ್ಲಿಸಿದೆ. ಕಾನ್ವೆಂಟಿನ ಕೊನೆಯ ವರ್ಷ ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನನ್ನನ್ನು ಆಫೀಸಿಗೆ ಕರೆದು, ಮದ್ರಾಸಿನ ಒಂದು ದೊಡ್ಡ ಕಾಲೇಜಿಗೆ ಬರೆಯೋಣ, ಯು ಹ್ಯಾವ್ ಎ ಫೇರ್ ಚಾನ್ಸ್, ಚೈಲ್ಡ್ ಎಂದಿದ್ದರು. ರಜೆಗೆ ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಕೆಟ್ಟವರಲ್ಲ. ಸಿಗದಿದ್ದರೆ ನಿನಗೇ ಬೇಜಾರು, ಸುಮ್ಮನೆ ಯಾಕೆ ಎಂದರು. ಬರೆಯಲಿಲ್ಲ. ಆಮೇಲಿನ ನನ್ನ ಜೀವನ ಚೆನ್ನಾಗಿಯೇ ಇತ್ತು, ದೂರು ಹೇಳಲು ಏನೂ ಇಲ್ಲ. ಆದರೆ ಸಿಗುತ್ತಿತ್ತೋ ಇಲ್ಲವೋ ಎಂಬ ಒಂದು ಪ್ರಶ್ನೆ ಇಷ್ಟು ವರ್ಷ ನನ್ನ ಜೊತೆ ಅಡುಗೆ ಮಾಡಿದೆ, ಬಟ್ಟೆ ಒಣಹಾಕಿದೆ, ಮಕ್ಕಳ ಕಾಂಪೊಸಿಷನ್ ತಿದ್ದಿದೆ. ಆ ಸಂಗಾತಿ ಎಂಥದು ಎಂದು ನನಗೆ ಗೊತ್ತು. ಈ ಹುಡುಗಿಯ ಜೊತೆ ಅದನ್ನು ಶಿವಮೊಗ್ಗಕ್ಕೆ ಕಳಿಸಲು ನನಗೆ ಭಯವಾಯಿತು. ಊರಿನವರ ಮಾತಿನ ಭಯಕ್ಕಿಂತ ಈ ಭಯ ದೊಡ್ಡದಿತ್ತು.

ಹೊರಗೆ ಬಂದು ತಿಪ್ಪೇಸ್ವಾಮಿಯವರಿಗೆ ನೇರವಾಗಿ ಹೇಳಿದೆ. ನಾಳೆ ಸಂಜೆಯವರೆಗೆ ಪಟ್ಟಿ ತಿದ್ದಬಹುದು, ಮಗಳ ಮನಸ್ಸನ್ನು ಒಮ್ಮೆ ಕೇಳಿ ಎಂದೆ. ಶೈಲಾ ಕೀಬೋರ್ಡ್ ಬಿಟ್ಟು ತಿರುಗಿ ನೋಡಿದಳು. ಆತ ಮಗಳನ್ನು ನೋಡಿದರು. ಅವಳು ನೆಲ ನೋಡುತ್ತಲೇ, ನಾನೂ ಒಂದು ಸಲ ಹೂ ಕೇಳಬೇಕು ಎಂದಳು.

ಮರುದಿನ ಮಧ್ಯಾಹ್ನ ಆಟೋದಲ್ಲಿ ನಾವು ನಾಲ್ವರೂ ಗುಡಿಗೆ ಹೋದೆವು. ನಾನು ಯಾಕೆ ಹೋದೆ ಎಂದು ಕೇಳಿದರೆ, ಮನೆಯಲ್ಲಿ ಕೂರಲು ಆಗಲಿಲ್ಲ. ಊರ ಹೊರಗೆ, ಮಳೆಯಲ್ಲಿ ಕಪ್ಪಾಗಿ ನಿಂತ ಸಣ್ಣ ಕಲ್ಲಿನ ಗುಡಿ. ಒಳಗೆ ಎಣ್ಣೆ, ಭಂಡಾರದ ಅರಿಶಿನ, ಒದ್ದೆ ಕಂಬಳಿಯ ವಾಸನೆ. ಪೂಜಾರಜ್ಜ ವಿಷಯ ಕೇಳಿ ತಲೆಯಾಡಿಸಿಬಿಟ್ಟ. ಒಂದೇ ಮಾತನ್ನು ಎರಡು ಸಲ ಕೇಳುವ ಹಾಗಿಲ್ಲ, ಅದು ದೇವರನ್ನು ಪರೀಕ್ಷೆ ಮಾಡಿದ ಹಾಗೆ ಎಂದ. ತಿಪ್ಪೇಸ್ವಾಮಿ ಆಗಲೇ ಹಿಂದಕ್ಕೆ ಹೆಜ್ಜೆ ಇಟ್ಟಿದ್ದರು.

"ಅದೇ ಮಾತಲ್ಲ ಅಜ್ಜ," ಎಂದಳು ಭೂಮಿಕಾ. "ಅಪ್ಪ ಕೇಳಿದ್ದು ಸಿಗತೈತಾ ಅಂತ. ನಾನು ಕೇಳೋದು, ಬರೀಲಾ ಬ್ಯಾಡ್ವಾ ಅಂತ."

"ಇದು ಬ್ಯಾರೆ," ಎಂದು ಅಜ್ಜ ಹೂವಿನ ಬುಟ್ಟಿ ಎತ್ತಿಕೊಂಡ.

ಹೂ ಏರಿಸಿದ. ಅವಳು ಕಣ್ಣು ಮುಚ್ಚಿ ನಿಂತಳು. ನಾವು ಕಣ್ಣು ತೆರೆದು ನಿಂತೆವು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನನಗೆ ಹೆದರಿದಾಗ ಪ್ರಾರ್ಥನೆ ಬರುವುದು ಇಂಗ್ಲಿಷಿನಲ್ಲಿ, ಸಿಸ್ಟರ್‌ಗಳು ಕಲಿಸಿದ್ದು. ಬೀರಪ್ಪನ ಎದುರು ಅದನ್ನೇ ತುಟಿಯೊಳಗೆ ಹೇಳುತ್ತಿದ್ದೆ, ಅವನಿಗೆ ಅರ್ಥವಾಯಿತೋ ಏನೋ. ಎಡಕ್ಕೆ ಬೀಳದಿರಲಿ, ಎಡಕ್ಕೆ ಬೀಳದಿರಲಿ. ಬಲಕ್ಕೆ ಬೀಳಲಿ ಎಂದು ಕೇಳುವಷ್ಟು ಧೈರ್ಯ ನನಗೆ ಬರಲಿಲ್ಲ.

ಹೂ ಬೀಳಲೇ ಇಲ್ಲ. ಮಳೆಯ ತೇವಕ್ಕೆ ಕಲ್ಲಿಗೆ ಅಂಟಿಕೊಂಡವೋ, ಬೀರಪ್ಪನೇ ಹಿಡಿದುಕೊಂಡನೋ. ದೀಪದ ಬತ್ತಿ ಒಮ್ಮೆ ಚಟಪಟ ಎಂದಿತು, ಗಿರಿಜಮ್ಮ ಬೆಚ್ಚಿ ನನ್ನ ತೋಳು ಹಿಡಿದಳು. ಹೊರಗೆ ಆಟೋದವನು ಎರಡು ಸಲ ಹಾರ್ನ್ ಹೊಡೆದ. ಸಂಜೆಗೆ ಪಟ್ಟಿ ತಿದ್ದುವ ಲಿಂಕ್ ಮುಚ್ಚುತ್ತದೆ ಎಂಬುದು ಎಲ್ಲರ ಮನಸ್ಸಿನಲ್ಲೂ ಇತ್ತು. ಕೊನೆಗೆ ತಿಪ್ಪೇಸ್ವಾಮಿಯೇ, ಬೀಳಲಿಲ್ಲವಲ್ಲ ಎಂದರು.

"ಬ್ಯಾಡ ಅಂದಿಲ್ಲಪ್ಪ ಅವನು," ಎಂದ ಅಜ್ಜ.

"ಹೂಂ ಅಂತಾನೂ ಅಂದಿಲ್ಲ."

ತಿಪ್ಪೇಸ್ವಾಮಿ ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತು ದೇವರನ್ನೇ ನೋಡಿದರು. ಆ ಮುಖವನ್ನು ನಾನು ಮರೆಯಲಾರೆ. ಲೆಕ್ಕ ಹಾಕುವ ಮುಖವಲ್ಲ ಅದು. ಕತ್ತಲಲ್ಲಿ ಮಂದೆಯ ಆಚೆ ಏನೋ ಸರಸರ ಅಂದಾಗ, ಕಿವಿಗೊಟ್ಟು ಕೂತವನ ಮುಖ. ಹಾಗೇ ಕೂತಿದ್ದವರು ಎದ್ದು, ಟವೆಲ್ ಕೊಡವಿ, ಮಗಳಿಗೆ ಹೇಳಿದರು: "ಸಿಟ್ಟಿದ್ದಿದ್ರೆ ಇಷ್ಟೊತ್ತಿಗೆ ಎಡಕ್ಕೆ ಕೆಡವಿರೋನು. ನಡಿ, ಬರಿ."

ಅಂಗಡಿಗೆ ಬಂದರೆ ಕರೆಂಟ್ ಇಲ್ಲ. ಯುಪಿಎಸ್ ಕೀಂ ಕೀಂ ಎನ್ನುತ್ತಿತ್ತು. ಶೈಲಾ ಉಳಿದವರನ್ನೆಲ್ಲ ಪಕ್ಕಕ್ಕೆ ಸರಿಸಿ ಭೂಮಿಕಾಳ ಪುಟ ತೆಗೆದಳು. ಒಳಗೆ ಹೋಗಲು ತಂದೆಯ ಫೋನಿಗೆ ಓಟಿಪಿ ಬರಬೇಕು, ಫೋನಿನ ಚಾರ್ಜ್ ನ್ಯಾಮತಿಯ ಮಾತಿಗೇ ಮುಗಿದಿತ್ತು. ಅದನ್ನು ಆ ಯುಪಿಎಸ್‌ಗೇ ಸಿಕ್ಕಿಸಿ, ಅದು ಜೀವ ಹಿಡಿಯುವುದನ್ನು ಎಲ್ಲರೂ ಸುತ್ತ ನಿಂತು ನೋಡಿದೆವು. ಫೋನ್ ಬೆಳಗಿತು. ಓಟಿಪಿಗಿಂತ ಮೊದಲು ತಮ್ಮನ ಕರೆ ಬಂತು. ತಿಪ್ಪೇಸ್ವಾಮಿ ಅದನ್ನು ಕತ್ತರಿಸಿದರು. ಆ ಕರೆಯನ್ನು ಆತ ಯಾವುದಕ್ಕಾಗಿಯೂ ಕತ್ತರಿಸಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಭೂಮಿಕಾ ತಾನೇ ಟೈಪ್ ಮಾಡಿದಳು. ಶಿವಮೊಗ್ಗದ ವೆಟರ್ನರಿ, ಹಾಸನ, ಬೆಂಗಳೂರು, ಗದಗ. ಅಷ್ಟಕ್ಕೆ ನಿಲ್ಲಿಸಿ ಅಪ್ಪನ ಕಡೆ ನೋಡಿದಳು. ದೂರದ್ದೂ ಹಾಕು ಎಂದರು. ಬೀದರ್ ಹಾಕಿದಳು. ಅದರ ಕೆಳಗೆ ಅಗ್ರಿ. ಸೇವ್ ಆದ ಮೇಲೆ ಶೈಲಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಮುಂದಿನ ಜನ್ಮದಲ್ಲಿ ಹೂವಿನ ಅಂಗಡಿ ಇಡ್ತೀನಿ ಎಂದಳು. ಯಾರೂ ನಗಲಿಲ್ಲ, ಅವಳೂ ನಗಲಿಲ್ಲ.

ಮೊದಲನೇ ಸುತ್ತಿನ ಫಲಿತಾಂಶದ ಹೊತ್ತಿಗೆ ಮಳೆ ಸ್ವಲ್ಪ ಹೊಳವು ಕೊಟ್ಟಿತ್ತು. ಬಂದದ್ದು ಅಗ್ರಿಯೇ. ಮೇಲಿನ ಐದೂ ಸಿಗದೆ ಮಿಷನ್ ಆರನೆಯದಕ್ಕೆ ಇಳಿದಿತ್ತು. ನಾನು ಹೇಳಿದ ಹಾಗೆಯೇ ಆಗಿತ್ತು, ಯಾರೂ ಏನೂ ಕಳೆದುಕೊಂಡಿರಲಿಲ್ಲ. ಹಾಗಂತ ಹೇಳಲು ಬಾಯಿ ತೆರೆದೆ. ತಿಪ್ಪೇಸ್ವಾಮಿ ಗೋಡೆಯ ಕಡೆ ತಿರುಗಿ ನಿಂತಿದ್ದರು. ಹೆಗಲು ಅಲುಗುತ್ತಿತ್ತು. ನಿನಗೆ ಬೇಕಾಗಿದ್ದದ್ದೇ ಬಂದಿದೆಯಲ್ಲ ಅಣ್ಣ ಎಂದು ಗಿರಿಜಮ್ಮ ಗಾಬರಿಯಾಗಿ ಕೇಳಿದಳು.

"ಬರೆಯೋವರೆಗೂ ನನಗೆ ಬ್ಯಾಡಾಗಿತ್ತು," ಎಂದರು ಆತ, ಗೋಡೆಗೆ ಹೇಳುವಂತೆ. "ಬರೆದ ಮ್ಯಾಲೆ ನನಗೂ ಬೇಕಾಗೈತೆ."

ಅಂಗಡಿ ತುಂಬ ಜನ. ಬರುವ ಎಲ್ಲ ಅಪ್ಪಂದಿರ ಒಳಗಿನ ಭಯವನ್ನು ಆತ ಒಬ್ಬರೇ ಹೇಳಿಬಿಟ್ಟಿದ್ದರು ಅನ್ನಿಸಿತು. ಸಿಗದೇ ಹೋಗುವ ಭಯವಲ್ಲ, ಬೇಕು ಅನ್ನಿಸಿಬಿಡುವ ಭಯ. ನಾನೂ ಆ ಕ್ಷಣದವರೆಗೆ ನಮ್ಮಪ್ಪನನ್ನು ತಪ್ಪು ತಿಳಿದಿದ್ದೆನೇನೋ.

ಸಿಕ್ಕ ಸೀಟನ್ನು ಹಿಡಿದುಕೊಂಡು, ಮೇಲಿನದಕ್ಕೆ ಎರಡನೇ ಸುತ್ತಿನಲ್ಲಿ ಕಾಯಬಹುದು. ಸೆಕೆಂಡ್ ಚಾಯ್ಸ್ ಎಂದು ಒತ್ತಬೇಕು. ಮೇಲಿನದು ಬಂದರೆ ಈ ಸೀಟು ತಾನಾಗಿ ಹೋಗುತ್ತದೆ, ಆಮೇಲೆ ಅಗ್ರಿ ಬೇಕೆಂದರೂ ಸಿಗದು. ಇದನ್ನು ವಿವರಿಸುವಾಗ ನಾನು ಪ್ರತಿ ಮಾತನ್ನೂ ಎರಡೆರಡು ಸಲ ಹೇಳಿದೆ. ತಿಪ್ಪೇಸ್ವಾಮಿ ಚಾನ್ಸ್ ಎಷ್ಟು ಎಂದು ಕೇಳಲಿಲ್ಲ. ಗುಡಿಗೂ ಹೋಗಲಿಲ್ಲ. ಒತ್ತು ಎಂದರು ಮಗಳಿಗೆ, ಒತ್ತುವುದನ್ನು ನೋಡದೆ ಹೊರಗೆ ಹೋಗಿ ನಿಂತರು. ಮರುದಿನ ಹೊನ್ನಾಳಿ ಬಸ್ ಹತ್ತಿ ಕುರಿಗಳ ಹತ್ತಿರ ಹೋದರು. ಕೆಲವು ಕುಂಟುತ್ತಿದ್ದವಂತೆ. ನಿಧಾನವಾಗಿ ಮಂದೆಯನ್ನು ಜಗಳೂರಿನ ದಾರಿ ಹಿಡಿಸಿದ್ದಾರೆ ಎಂದು ಗಿರಿಜಮ್ಮ ಹೇಳಿದಳು.

ಎರಡನೇ ಸುತ್ತು ಬರುವವರೆಗಿನ ದಿನಗಳನ್ನು ನಾನು ಹೇಗೆ ಕಳೆದೆನೋ ಗೊತ್ತಿಲ್ಲ. ಬೇರೆಯವರ ಪಟ್ಟಿಗೆ ಸ್ಕೇಲ್ ಇಟ್ಟು ಎಳೆದರೂ ಗೆರೆ ವಾಲುತ್ತಿತ್ತು. ನನ್ನ ಮಾತು ಕೇಳಿ ಒಬ್ಬ ಮನುಷ್ಯ ಆಸೆಪಟ್ಟಿದ್ದಾನೆ ಎಂಬುದು ಊಟ ಮಾಡುವಾಗ ನೆನಪಾಗುತ್ತಿತ್ತು.

ಆ ದಿನ ಭೂಮಿಕಾ ಒಬ್ಬಳೇ ಬಂದಳು, ಕೊಡೆಯಿಲ್ಲದೆ. ಅಂಗಡಿಯಲ್ಲಿ ಹೆಚ್ಚು ಜನರಿರಲಿಲ್ಲ. ಶೈಲಾ ಪುಟ ತೆಗೆದು, ತಾನು ನೋಡದೆ ಸ್ಕ್ರೀನನ್ನು ಅವಳ ಕಡೆ ತಿರುಗಿಸಿದಳು. ವೆಟರ್ನರಿ, ಬೀದರ್. ಹುಡುಗಿ ಅದನ್ನು ಓದಿದಳು. ಮತ್ತೆ ಓದಿದಳು. ಅಪ್ಪನಿಗೆ ಫೋನ್ ಮಾಡಿದಳು. ಆ ಕಡೆ ಗಾಳಿ, ಕುರಿಗಳ ಸದ್ದು. ಆತ ಏನು ಹೇಳಿದರೋ ನನಗೆ ಕೇಳಲಿಲ್ಲ. ಹೂಂ ಅಪ್ಪ, ಬಸ್ ಐತಂತೆ ಅಪ್ಪ, ಎಂದು ಇವಳು ಎರಡು ಮೂರು ಸಲ ಹೇಳಿ ಇಟ್ಟಳು. ಆಮೇಲೆ ಬಂದು ನನ್ನ ಎದುರು ನಿಂತಳು. ಕೈ ಹಿಡಿದರೆ ಐಸಿನಂತೆ ತಣ್ಣಗಿತ್ತು.

"ಮಿಸ್, ನಂಗೆ ಈಗ ಹೆದ್ರಿಕೆ ಆಗ್ತೈತೆ."

ಇಷ್ಟು ದಿನ ಆಗಿರಲಿಲ್ಲವೇನೇ ಎಂದು ಕೇಳಿದೆ.

"ಇಷ್ಟು ದಿನ ಅಪ್ಪ ಹೆದರ್ತಿತ್ತು. ಅತ್ತೆ ಹೆದರ್ತಿದ್ರು, ನೀವು ಹೆದರ್ತಿದ್ರಿ," ಎಂದಳು ಅವಳು. "ನಂಗೆ ಜಾಗ ಎಲ್ಲಿತ್ತು?"

ನಾನು ಬೆಂಚಿನ ಮೇಲಿದ್ದ ಕಟ್‌ಆಫ್ ಪಟ್ಟಿ, ಸ್ಕೇಲು, ಪೆನ್ಸಿಲು ಎಲ್ಲ ಎತ್ತಿ ಮಡಿಲಲ್ಲಿ ಇಟ್ಟುಕೊಂಡು, ಗೋಡೆಯ ಕಡೆಗೆ ಸರಿದು ಕೂತೆ.